ಅಪ್‌ಡೇಟ್: ಏಜೆಂಟ್ ಈಗ ಸರಿಯಾದ ಬಟನ್ನನ್ನೇ ಒತ್ತುತ್ತಿದೆ

ಡೆಸ್ಕ್‌ಟಾಪ್ ಆ್ಯಪ್ ಪರೀಕ್ಷಿಸುವ ಎಐ ಏಜೆಂಟ್, ಬಟನ್ನನ್ನು ಆಟೊಮೇಷನ್ ಐಡಿಯಿಂದ (ಆ್ಯಪ್‌ನೊಳಗೆ ಬಟನ್‌ಗೆ ಇಟ್ಟಿರುವ ಗುರುತಿನ ಹೆಸರಿನಿಂದ) ಹುಡುಕುವ ಟೂಲ್ ಇದ್ದರೂ ಪರದೆಯ ಮೇಲೆ ಅಂದಾಜಿನಲ್ಲಿ ಕ್ಲಿಕ್ ಮಾಡುತ್ತಿದೆ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ಅದು ಬಗೆಹರಿಯಿತು.

ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ) ಎಚ್ಚರಿಕೆಗಳನ್ನು ಪೇರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೈಹಿಡಿದದ್ದು "ಟೂಲ್ ಅನ್ನು ಯಾವಾಗ ಬಳಸಬಾರದು ಎಂಬುದನ್ನೂ ವಿವರಣೆಯಲ್ಲೇ ಬರೆಯಿರಿ" ಎಂಬ ಸಲಹೆ. ಪರದೆಯ ಮೇಲೆ ಕ್ಲಿಕ್ ಮಾಡುವ ಟೂಲ್‌ನ ವಿವರಣೆಯಲ್ಲಿ ಮೊದಲು "ಕ್ಲಿಕ್ ಮಾಡುತ್ತದೆ" ಎಂದಷ್ಟೇ ಇತ್ತು. ಈಗ ಹೀಗಿದೆ: "ಎಕ್ಸ್, ವೈ ಬಿಂದುವಿನಲ್ಲಿ ಕ್ಲಿಕ್ ಮಾಡುತ್ತದೆ. ಆಟೊಮೇಷನ್ ಐಡಿ ಇರುವ ಬಟನ್‌ಗೆ ಬಳಸಬೇಡಿ. ಐಡಿ ಇಲ್ಲದ ಚಿತ್ರ, ನಕ್ಷೆಗಳಿಗೆ ಮಾತ್ರ."

ನಾನು ಎಣಿಸದೇ ಇದ್ದದ್ದು, ಟೂಲ್ ವಿಫಲವಾದಾಗ ಏಜೆಂಟ್‌ಗೆ ಹೋಗುವ ದೋಷ ಸಂದೇಶದ ಶಕ್ತಿ. ಬರೀ "ವಿಫಲ" ಎನ್ನುವ ಬದಲು "ವಿಂಡೊ ಇನ್ನೂ ತೆರೆದಿಲ್ಲ, ಮೊದಲು ಕಾಯುವ ಟೂಲ್ ಬಳಸಿ" ಎಂದು ಬರೆದೆ. ಏಜೆಂಟ್ ಅದನ್ನು ಓದಿ ತಾನೇ ಕಾದು, ಮತ್ತೆ ಪ್ರಯತ್ನಿಸುತ್ತಿದೆ! ಸಲಹೆ ಕೊಟ್ಟವರಿಗೆ ಮನಸಾರೆ ಧನ್ಯವಾದ.