ದಿಂಬಿಗೆ ಗುದ್ದಿದರೆ ಸಿಟ್ಟು ಇಳಿಯುತ್ತಾ?

ಬೆಟ್ಟದಹೂ: ಸಿಟ್ಟನ್ನು ಒಳಗೇ ಇಟ್ಟುಕೊಳ್ಳಬಾರದು, ದಿಂಬಿಗೋ ಬಾಕ್ಸಿಂಗ್ ಚೀಲಕ್ಕೋ ಗುದ್ದಿ ಹೊರಹಾಕಬೇಕು ಅಂತಾರೆ. ಇದಕ್ಕೆ ಪುರಾವೆ ಇದೆಯಾ? ಜೊತೆಗೆ, ಸಿಟ್ಟಿನಿಂದ ಇಷ್ಟು ಕೆಡುಕಾಗುವುದಾದರೆ ವಿಕಾಸದಲ್ಲಿ ಅದು ಉಳಿದುಕೊಂಡದ್ದಾದರೂ ಯಾಕೆ?

ಹಳೇಮಿದುಳು: ಎರಡನೆಯದನ್ನು ಮೊದಲು ಹೇಳ್ತೀನಿ. ಬಸ್ಸು ಬ್ರೇಕ್ ಹಾಕಿದಾಗ ಪಕ್ಕದವರು ಆಯತಪ್ಪಿ ಕಾಲು ತುಳಿದರೂ, ಬೇಕಂತಲೇ ತುಳಿದರೂ ನೋವು ಒಂದೇ. ಸಿಟ್ಟು ಮಾತ್ರ ಒಂದೇ ಅಲ್ಲ. 'ಸಾರಿ' ಅಂದರೆ ನೋವು ಹಾಗೇ ಇರುತ್ತೆ, ಸಿಟ್ಟು ಇಳಿಯುತ್ತೆ. ಅಂದರೆ ಸಿಟ್ಟು ಲೆಕ್ಕ ಹಾಕುವುದು ನಷ್ಟವನ್ನಲ್ಲ, ಎದುರಿನವರು ನಮ್ಮ ಹಿತಕ್ಕೆ ಎಷ್ಟು ಬೆಲೆ ಕೊಟ್ಟರು ಅನ್ನೋದನ್ನ. ವಿಕಾಸದ ದೃಷ್ಟಿಯಿಂದ ಮನಸ್ಸನ್ನು ಅಧ್ಯಯನ ಮಾಡುವ ಆರನ್ ಸೆಲ್, ಜಾನ್ ಟೂಬಿ, ಲೀಡಾ ಕಾಸ್ಮೈಡ್ಸ್ 2009ರಲ್ಲಿ ಮಂಡಿಸಿದ ವಾದ ಇದೇ: ಸಿಟ್ಟು ಒಂದು ಚೌಕಾಸಿ. ಕೈಯಲ್ಲಿರುವ ಪಟ್ಟು ಎರಡು: ಪೆಟ್ಟು ಕೊಡುವ ಬೆದರಿಕೆ, ಇಲ್ಲವೇ ಕೊಡುತ್ತಿದ್ದ ಸಹಾಯ ನಿಲ್ಲಿಸುವ ಬೆದರಿಕೆ. (ಮನೆಯಲ್ಲಿ ಮಾತು ಬಿಡುವುದು ಎರಡನೆಯದಕ್ಕೆ ಸೇರಿದ್ದು.) ಅವರ ಅಧ್ಯಯನದಲ್ಲಿ ತೋಳ್ಬಲ ಹೆಚ್ಚಿದ್ದ ಗಂಡಸರು ಬೇಗ ರೇಗುತ್ತಿದ್ದರು. ಚೌಕಾಸಿಯಲ್ಲಿ ಕೈ ಮೇಲಿದ್ದವರು ಹೆಚ್ಚು ಕೇಳುವುದು ಸಹಜ ತಾನೇ? ಹುಬ್ಬು ಗಂಟಿಕ್ಕುವುದೂ ಇದರ ಭಾಗ. ಅದು ಮುಖವನ್ನು ಇನ್ನಷ್ಟು ಬಲಿಷ್ಠವಾಗಿ ಕಾಣಿಸುತ್ತದೆ.

ನರತಂತು: ಒಪ್ಪುತ್ತೇನೆ. ಇಲ್ಲಿಗೆ ಯಾರಾದರೂ 2003ರ ಪ್ರಯೋಗದಲ್ಲಿ, ಪಕ್ಕದ ಮಂಗಕ್ಕೆ ದ್ರಾಕ್ಷಿ ಸಿಕ್ಕಿದ್ದು ಕಂಡು ತಮಗೆ ಕೊಟ್ಟ ಸೌತೆಕಾಯಿ ಎಸೆದ ಕ್ಯಾಪುಚಿನ್ ಮಂಗಗಳನ್ನು ತರುವ ಮುಂಚೆಯೇ ಹೇಳಿಬಿಡುವೆ: ಆ ಪ್ರಯೋಗವನ್ನು ಬೇರೆಯವರು ಮಾಡಿದಾಗ ಕೆಲವು ಸಲ ಅದೇ ಫಲ ಬಂದಿಲ್ಲ. ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಬೇಡಿ.

ಈಗ ದಿಂಬು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳ ಪ್ರಬಂಧವನ್ನು ಹೀಗಳೆದು ಸಿಟ್ಟೆಬ್ಬಿಸಿದರು. ಒಂದು ಗುಂಪು ಹೀಗಳೆದವನನ್ನೇ ನೆನೆದು ಚೀಲಕ್ಕೆ ಗುದ್ದಿತು, ಇನ್ನೊಂದು ವ್ಯಾಯಾಮ ಅಂದುಕೊಂಡು ಗುದ್ದಿತು, ಮೂರನೆಯದು ಎರಡು ನಿಮಿಷ ಸುಮ್ಮನೆ ಕೂತಿತು. ಮೊದಲ ಗುಂಪಿಗೇ ಸಿಟ್ಟು ಜಾಸ್ತಿ; ಆಮೇಲೆ ಅತಿ ಕಡಿಮೆ ಹಗೆ ತೋರಿಸಿದ್ದು ಸುಮ್ಮನೆ ಕೂತವರು. 154 ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ವಿಶ್ಲೇಷಣೆಯೂ ಅದನ್ನೇ ಹೇಳುತ್ತದೆ: ಮೈಯ ಉದ್ರೇಕ ತಗ್ಗಿಸುವುದು ಕೆಲಸ ಮಾಡುತ್ತದೆ, ಏರಿಸುವುದು ಮಾಡುವುದಿಲ್ಲ. ಜಾಗಿಂಗ್ ಕೂಡ ಸಿಟ್ಟು ಇಳಿಸಲಿಲ್ಲ. ಓಟ ಹೃದಯಕ್ಕೆ ಒಳ್ಳೆಯದೇ, ಆದರೆ ಆ ಗಳಿಗೆಯ ಮದ್ದಲ್ಲ.

ಮಾಡಬೇಕಾದ್ದು: ಮೊದಲು ಜಾಗ ಬಿಡಿ, ಎದುರಿನ ಮುಖ ದುರುಗುಟ್ಟಿ ನೋಡುತ್ತಾ ಹತ್ತು ಎಣಿಸಿದರೆ ಉಪಯೋಗವಿಲ್ಲ. ಸುಮಾರು 4 ಸೆಕೆಂಡ್ ಉಸಿರು ಒಳಗೆ, 6 ಸೆಕೆಂಡ್ ಹೊರಗೆ, ಹೀಗೆ ಐದು ನಿಮಿಷ. ಬಹಳ ಜನಕ್ಕೆ ಇದು ಕೈಕೊಡುವುದು ಉಸಿರಾಡುತ್ತಲೇ ಜಗಳ ಮೆಲುಕು ಹಾಕುವುದರಿಂದ. ಮೆಲುಕು ಬಿಡಲಾಗದಿದ್ದರೆ, ನಡೆದದ್ದನ್ನು ದೂರದಲ್ಲಿ ನಿಂತ ಮೂರನೆಯವರ ಕಣ್ಣಲ್ಲಿ ನೋಡಿ. ಇನ್ನೊಂದು ಮಾತು, ಇದನ್ನು ಸಿಟ್ಟಿಲ್ಲದ ದಿನಗಳಲ್ಲೇ ಅಭ್ಯಾಸ ಮಾಡಿರಬೇಕು. ನೆತ್ತಿಗೇರಿದ ಮೇಲೆ ಹೊಸದಾಗಿ ಕಲಿಯಲಾಗದು.

ಬೆಟ್ಟದಹೂ: ಹಾಗಾದರೆ ನುಂಗಿಕೊಳ್ಳಬೇಕು ಅಂತಲಾ?

ನರತಂತು: ಇಲ್ಲ. ಮುಖದಲ್ಲಿ ತೋರಿಸದೆ ಅದುಮಿಟ್ಟರೆ ಒಳಗಿನ ಉದ್ರೇಕ ಏರಬಹುದು, ಇಳಿಯುವುದಿಲ್ಲ.

ಹಳೇಮಿದುಳು: ಚೌಕಾಸಿ ಅಂದೆನಲ್ಲ, ಬೆಲೆ ಹೇಳದೆ ಚೌಕಾಸಿ ಮುಗಿಯಲ್ಲ. ತಣ್ಣಗಾದ ಮೇಲೆ ಒಂದೇ ಘಟನೆ, ಒಂದೇ ಬೇಡಿಕೆ ಹೇಳಿ: 'ನಿನ್ನೆ ಮೀಟಿಂಗಲ್ಲಿ ಮಾತು ತುಂಡರಿಸಿದಿರಿ, ಮುಂದಿನ ಸಲ ಮುಗಿಸಲು ಬಿಡಿ.' 'ನೀವು ಯಾವಾಗಲೂ ಹೀಗೇ' ಅಂದಿರೋ, ಆ ಕಡೆಯವರ ಚೌಕಾಸಿ ಶುರುವಾಗುತ್ತೆ.