ಅಪ್‌ಡೇಟ್: ಲಕ್ಷದ್ವೀಪದ ಸರ್ವೆ ಹಡಗು, ಹೋಗಿ ಬಂದೆ

ಹೋದ ತಿಂಗಳು ಕೇಳಿದ್ದೆನಲ್ಲ, ಬಾಡಿಗೆ ಹಡಗಿನಲ್ಲಿ ಆರೋಗ್ಯ ಸರ್ವೆಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಹೋಗಬೇಕು, ಲೈಫ್ ಜಾಕೆಟ್ ಕಮ್ಮಿ ಇದ್ದ ಹಾಗಿದೆ, ಏನು ಮಾಡಲಿ ಅಂತ. ನೀವು ಹೇಳಿದ ಹಾಗೆ ಹೊರಡುವ ಮೊದಲೇ ಎಣಿಸಿದೆ. 31 ಜನಕ್ಕೆ 22! ನಾಲ್ಕಕ್ಕೆ ಕಟ್ಟಿಕೊಳ್ಳುವ ಪಟ್ಟಿಯೇ ಇಲ್ಲ, ಒಂದರ ಸೀಟಿಯೊಳಗೆ ಇರುವೆ. ಫೋಟೋ ಕಳಿಸಿದ ಮೇಲೆ ಹೊಸದು ಬಂತು, ಒಂದು ದಿನ ತಡವಾಯಿತು, ಡಾಕ್ಟ್ರು ಮುಖ ಊದಿಸಿಕೊಂಡರು, ಇರಲಿ.

ಜನರೇಟರ್ ಮಾತ್ರ ರಾತ್ರಿ ಕೈಕೊಡುತ್ತಲೇ ಇತ್ತು. ರಕ್ತದ ಸ್ಯಾಂಪಲ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಆದರೆ ತೀರಾ ತಣ್ಣಗಾಗಿ ಮಂಜುಗಡ್ಡೆಯಾದರೆ ರಕ್ತಕಣ ಒಡೆದು ಕೆಡುತ್ತದೆ. ಅಗತ್ತಿ ದ್ವೀಪದಲ್ಲಿ ಮೀನಿನವರ ಹತ್ತಿರ ಐಸ್ ತಗೊಂಡು, ಟ್ಯೂಬ್‌ಗಳಿಗೆ ತಾಗದಂತೆ ನನ್ನ ಟವೆಲ್ ಸುತ್ತಿ ಇಟ್ಟೆ. ಬೆಳಗ್ಗೆ 6 ಡಿಗ್ರಿ. ಟವೆಲ್‌ಗೆ ಇನ್ನೂ ಮೀನಿನ ವಾಸನೆ.