ಸಹಾಯ ಬೇಕು: ಸ್ವಿಚ್ ಆರಿಸಿದರೂ ಸಾಕೆಟ್‌ನಲ್ಲಿ ಟೆಸ್ಟರ್ ಉರಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರೈಂಡರ್‌ನ ಮೂರು ಪಿನ್ ಪ್ಲಗ್ ಕರಗಿ ಕಪ್ಪಾಗಿತ್ತು. ಹೊಸದನ್ನು ತಂದು ನಾನೇ ಹಾಕಿದ್ದೇನೆ: ಕಂದು ವೈರು ಎಲ್ ಗುರುತಿಗೆ, ನೀಲಿ ಎನ್‌ಗೆ, ಹಸಿರು-ಹಳದಿ ಮೇಲಿನ ದಪ್ಪ ಪಿನ್ನಿಗೆ. ತಾಮ್ರದ ಎಳೆಗಳನ್ನು ಚೆನ್ನಾಗಿ ಹುರಿಮಾಡಿ ಸ್ಕ್ರೂ ಬಿಗಿದಿದ್ದೇನೆ, ಒಂದೆಳೆಯೂ ಹೊರಗೆ ಚಾಚಿಲ್ಲ. ಕೇಬಲ್ ಜಗ್ಗಿದರೆ ಅರ್ತ್ ಕೊನೆಗೆ ಕಳಚಲಿ ಎಂದು ಆ ವೈರನ್ನು ತುಸು ಉದ್ದವಾಗಿಯೇ ಬಿಟ್ಟಿದ್ದೇನೆ. ಪ್ಲಗ್‌ನ ಬಗ್ಗೆ ಅನುಮಾನವಿಲ್ಲ.

ತಲೆ ಕೆಡಿಸಿರುವುದು ಗೋಡೆಯ ಸಾಕೆಟ್. ಎದುರಿನಿಂದ ನೋಡಿದರೆ ಫೇಸ್ (ಕರೆಂಟ್ ತರುವ ವೈರು) ಬಲಗಡೆ ಇರಬೇಕು. ಇಲ್ಲಿ ಟೆಸ್ಟರ್ ಉರಿಯುವುದು ಎಡಗಡೆ. ಸ್ವಿಚ್ ಆರಿಸಿದರೂ ಉರಿಯುತ್ತಲೇ ಇರುತ್ತದೆ! ಮೇನ್ ಸ್ವಿಚ್ ಇಳಿಸಿ ಬೋರ್ಡ್ ಬಿಚ್ಚಿದೆ. ಹಳೆಯ ವೈರಿಂಗ್, ಕೆಂಪು (ಫೇಸ್) ನೇರವಾಗಿ ಸಾಕೆಟ್‌ಗೆ ಹೋಗಿದೆ, ಸ್ವಿಚ್ಚಿಗೆ ಬಂದಿರುವುದು ಕಪ್ಪು (ನ್ಯೂಟ್ರಲ್). ಹಸಿರು ವೈರು ಇಲ್ಲವೇ ಇಲ್ಲ, ಅರ್ತ್ ರಂಧ್ರ ಬರೀ ಅಲಂಕಾರಕ್ಕೆ.

ಅಂಗಡಿಯವರು, "ಪ್ಲಗ್ ಒಳಗೇ ಕಂದು-ನೀಲಿ ಅದಲುಬದಲು ಮಾಡಿ, ಸಾಕೆಟ್‌ನಲ್ಲಿ ಅರ್ತನ್ನು ನ್ಯೂಟ್ರಲ್‌ಗೆ ಸೇರಿಸಿಬಿಡಿ ಸಾರ್" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗ್ರೈಂಡರ್‌ನ ಸ್ಟೀಲ್ ಮೈಗೇ ಕರೆಂಟ್ ಬರುವುದಿಲ್ಲವೇ? ಸದ್ಯಕ್ಕೆ ಆ ಸಾಕೆಟ್ ಬಳಸುತ್ತಿಲ್ಲ. ದೋಸೆ ಹಿಟ್ಟು ಪಕ್ಕದ ಮನೆಯಲ್ಲಿ ರುಬ್ಬಿಸುತ್ತಿದ್ದೇವೆ.

ಕೆಲಸ ತಿಳಿದವರು ದಯವಿಟ್ಟು ಹೇಳಿ: ಬೋರ್ಡಿನೊಳಗೆ ಕೆಂಪು-ಕಪ್ಪು ಸರಿಪಡಿಸಿದರೆ ಸಾಕೇ, ಅಥವಾ ಹಿಂದಿನ ಜಂಕ್ಷನ್ ಬಾಕ್ಸನ್ನೂ ನೋಡಿಸಬೇಕೇ? ಮೀಟರ್ ಬೋರ್ಡಿನಿಂದ ಅರ್ತ್ ವೈರು ಎಳೆಸುವವರೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಒಂದನ್ನೇ ನಂಬಿ ಗ್ರೈಂಡರ್ ಓಡಿಸಬಹುದೇ?